ಗಸಗಸೆ ಪೊಟ್ಟಣ, ವಿಸಿಟ್ ವೀಸಾ

ಈಚೆಗೆ ಇಟ್ಟಂಗಿಹಾಳಕ್ಕೆ ಹೋಗಿದ್ದಾಗ ಒಂದು ಮನೆಯವರು ಸೌದಿಗೆ ಹೊರಟ ಮಗನಿಗೆ ದುಆ ಮಾಡಲು ನಮ್ಮನ್ನು ಕರೆದರು. ತಾಯಿ ಬ್ಯಾಗಿಗೆ ಖಡಕ್ ರೊಟ್ಟಿ, ಶೇಂಗಾ ಹಿಂಡಿ ತುಂಬುತ್ತಿದ್ದರು. ನಡುವೆ ಗಸಗಸೆ ಪೊಟ್ಟಣ. ಅದನ್ನು ತೆಗೆದಿಡಿ ಅಂದೆವು.

"ಹಜರತ್, ಗಸಗಸಿ ಅಷ್ಟ್ರೀ, ಇದ್ರಾಗ ಏನೈತಿ?"

ಸೌದಿ, ಯುಎಇಯಲ್ಲಿ ಅದು ಮಾದಕ ವಸ್ತುವಿನ ಲೆಕ್ಕ. ಸಿಕ್ಕಿಬಿದ್ದರೆ ಜೈಲೂ ಆಗಬಹುದು. ನಮ್ಮ ಕರಾವಳಿಯ ಎಷ್ಟೋ ಮನೆಗಳಲ್ಲೂ ಇದು ಗೊತ್ತಿಲ್ಲ. ಟ್ರಮಡಾಲ್ ಮಾತ್ರೆ, ಕೊಡೀನ್ ಇರುವ ಕೆಮ್ಮಿನ ಸಿರಪ್ಪೂ ಅಷ್ಟೇ ಅಪಾಯ. ಪರಿಚಯದವರು ಕೊಟ್ಟ ಕಟ್ಟನ್ನು ಬಿಚ್ಚಿ ನೋಡದೆ ಒಯ್ಯಬೇಡಿ, ಅವರಿಗೆ ಬೇಸರ ಆದ್ರೂ ಆಗಲಿ.

ಆಮೇಲೆ ಕಾಗದ ನೋಡಿದೆವು. ಎದೆ ಧಸಕ್ಕೆಂದದ್ದು ಆಗಲೇ. ಹುಡುಗ ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ, ಪಾಸ್‌ಪೋರ್ಟ್ ಇಸಿಆರ್. ಅಂಥವರು ಸೌದಿ, ಕತಾರ್, ಕುವೈತ್ ಸೇರಿ 18 ದೇಶಗಳಿಗೆ ದುಡಿಯಲು ಹೋಗುವುದಾದರೆ ಸರಕಾರದ ಎಮಿಗ್ರೇಷನ್ ಕ್ಲಿಯರೆನ್ಸ್ ಬೇಕು. ಅದನ್ನು ತಪ್ಪಿಸಲು ಏಜೆಂಟ ವಿಸಿಟ್ ವೀಸಾ ಮಾಡಿಸಿದ್ದ.

"ಅಲ್ಲಿ ಹೋದ ಮ್ಯಾಲೆ ಬದಲಿ ಮಾಡ್ತಾರಂತ್ರೀ" ಎಂದ ಹುಡುಗ.

ಆ ವೀಸಾದಲ್ಲಿ ದುಡಿದರೆ ಅಲ್ಲಿನ ಕಾನೂನಿಗೆ ಅವನೇ ತಪ್ಪಿತಸ್ಥ. ಸಂಬಳ ಸಿಗದಿದ್ದರೆ ತೋರಿಸಲು ಕರಾರೂ ಇಲ್ಲ. ಕ್ಲಿಯರೆನ್ಸ್ ಪಡೆದು ಹೋದವನಿಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ 10 ಲಕ್ಷ ರೂಪಾಯಿ ಅಪಘಾತ ವಿಮೆ ಇರುತ್ತದೆ. ಎರಡು ವರ್ಷಕ್ಕೆ ಕಂತು ತೆರಿಗೆ ಬಿಟ್ಟು 275 ರೂಪಾಯಿ. ಪರವಾನಗಿ ಇರುವ ಏಜೆಂಟರ ಪಟ್ಟಿ ಸರಕಾರದ ಇಮೈಗ್ರೇಟ್ ಜಾಲತಾಣದಲ್ಲಿದೆ. ಅವರೂ 30,000 ರೂಪಾಯಿ ಮತ್ತು ಜಿಎಸ್‌ಟಿಗಿಂತ ಹೆಚ್ಚು ಕೇಳುವಂತಿಲ್ಲ. ಈ ಮನೆಯವರು ಎಮ್ಮೆ ಮಾರಿ ಲಕ್ಷದ ಮೇಲೆ ಕೊಟ್ಟಿದ್ದರು.

ತಂದೆ ಬಹಳ ಹೊತ್ತು ಸುಮ್ಮನೆ ಕೂತರು. ಮರುದಿನ ಟಿಕೆಟ್ ರದ್ದು ಮಾಡಿಸಿದರಂತೆ. ಏಜೆಂಟನ ಫೋನು ಅಂದಿನಿಂದ ಬಂದ್.