ದೊಡ್ಡಹುಣಸೆಯ ಮೈಯೆಂಬ ಚಿತ್ರಪಟ

ಯಲವಿಗಿಯ ರೈಲು ನಿಲ್ದಾಣದಲ್ಲಿಳಿದು ಸವಣೂರಿನ ಹಾದಿ ಹಿಡಿದವನಿಗೆ ಹೊಲದ ಬದುಗಳ ಮೇಲೆ ಕಾಣುವುವು ಜಾಲಿ, ಬೇವು, ಹುಣಸೆಗಳೆಂಬ ನಿತ್ಯಪರಿಚಿತ ವೃಕ್ಷಗಳೇ. ಆದರೆ ಸವಣೂರಿನ ದೊಡ್ಡಹುಣಸೆ ಕಲ್ಮಠದ ಆವರಣವನ್ನು ಹೊಕ್ಕೊಡನೆ, ಮರವೆಂದರೆ ಇಷ್ಟು ದಪ್ಪ, ಇಷ್ಟು ಎತ್ತರ ಎಂದು ಅದುವರೆಗೆ ಕಣ್ಣು ರೂಢಿಸಿಕೊಂಡಿದ್ದ ಪ್ರಮಾಣವೆಲ್ಲ ತಲೆಕೆಳಗಾಗುತ್ತದೆ. ಅಲ್ಲಿರುವ ಮೂರು ದೊಡ್ಡಹುಣಸೆಗಳು ಆಫ್ರಿಕಾ ಮೂಲದ ಬಾವೊಬಾಬ್ ವೃಕ್ಷಗಳು. ಶ್ರೀಕೃಷ್ಣನೇ ಇವನ್ನು ತಂದನೆಂಬ ಜನಶ್ರುತಿ ಒಂದು ಕಡೆ. ಇನ್ನೊಂದು ಕಡೆ, 18ನೆಯ ಶತಮಾನದ ಮಧ್ಯಭಾಗದಲ್ಲಿ ಸೆನೆಗಲ್ ದೇಶದಲ್ಲಿ ಈ ಮರವನ್ನು ಅಭ್ಯಸಿಸಿದ ಫ್ರೆಂಚ್ ವಿಜ್ಞಾನಿ ಮಿಶೆಲ್ ಅಡನ್ಸನ್‌ನ ಗೌರವಾರ್ಥವಾಗಿ ಸಸ್ಯವಿಜ್ಞಾನಿ ಲಿನ್ನೇಯಸ್ ಇಟ್ಟ ಅಡನ್ಸೋನಿಯಾ ಎಂಬ ಶಾಸ್ತ್ರೀಯ ನಾಮಧೇಯ. ಮೂರರಲ್ಲಿ ಒಂದು 2024ರ ಮಳೆಗಾಲದಲ್ಲಿ ನೆಲಕ್ಕೊರಗಿದಾಗ ಅದನ್ನೆತ್ತಿ ಮರಳಿ ನಿಲ್ಲಿಸಲು ನಡೆದ ಪ್ರಯತ್ನವನ್ನು ನೋಡಿದರೆ, ಇವು ಬರಿಯ ಕೌತುಕದ ವಸ್ತುಗಳಾಗಿ ಉಳಿದಿಲ್ಲವೆಂಬುದು ತಿಳಿಯುತ್ತದೆ.

ಕ್ಯಾಮೆರಾ ಹಿಡಿದು ಬಂದವರೆಲ್ಲರೂ ಮೊದಲು ಮಾಡುವುದು ಒಂದೇ: ಹಿಂದೆ ಹಿಂದೆ ಸರಿದು, ಹತ್ತು ಮೀಟರಿಗೂ ಮಿಗಿಲಾದ ಸುತ್ತಳತೆಯ ಆ ಕಾಂಡವನ್ನು ಕೊಂಬೆಗಳ ಸಹಿತ ಚೌಕಟ್ಟಿನೊಳಗೆ ತುರುಕಲು ಹೆಣಗುವುದು. ಹಾಗೆ ದೊರೆಯುವ ಚಿತ್ರದಲ್ಲಿ ಮರದ ಗಾತ್ರದ ವರದಿ ಇರುತ್ತದೆ, ಮರ ಇರುವುದಿಲ್ಲ. ನನ್ನ ಅಭಿಪ್ರಾಯದಲ್ಲಿ ಅಲ್ಲಿ ಮಾಡತಕ್ಕುದು ಇದಕ್ಕೆ ವಿರುದ್ಧವಾದುದು. ಸಮೀಪಕ್ಕೆ ಹೋಗಿ, ಒಂದು ಗೇಣಗಲದ ತೊಗಟೆಯ ಎದುರಿಗೆ ನಿಲ್ಲುವುದು.

ತೊಗಟೆಯ ಹೊರಪದರವೆಂಬುದು ನಿರ್ಜೀವವಾದ ಕವಚ. ಒಳಗೆ ಕಾಂಡವು ವರುಷವರುಷವೂ ದಪ್ಪವಾಗುತ್ತ ಬಂದಂತೆ ಹಿಗ್ಗಲಾರದ ಆ ಕವಚವು ಬಿರಿಯುತ್ತದೆ, ಸುಲಿಯುತ್ತದೆ, ಉದುರುತ್ತದೆ. ಬಿರಿಯುವ ರೀತಿಯಾದರೋ ಒಂದೊಂದು ಜಾತಿಗೆ ಒಂದೊಂದು. ಜಾಲಿಯ ಕಪ್ಪು ಮೈ ಉದ್ದುದ್ದವಾಗಿ ಆಳವಾಗಿ ಸೀಳುತ್ತದೆ. ಪೇರಲದ ತೊಗಟೆ ತೆಳ್ಳಗೆ ಕಳಚಿ ಕೆಳಗಿನ ನುಣುಪಾದ ಹೊಸ ಮೈಯನ್ನು ತೇಪೆತೇಪೆಯಾಗಿ ತೋರಿಸುತ್ತದೆ. ದೊಡ್ಡಹುಣಸೆಯದು ಇವೆರಡೂ ಅಲ್ಲದ ಮಾರ್ಗ. ಮೆದುವಾದ ಅದರ ಕಾಂಡವು ನೀರನ್ನು ಹೀರಿಟ್ಟುಕೊಳ್ಳುವ ಭಂಡಾರ. ಮಳೆ ಬಿದ್ದಾಗ ಉಬ್ಬಿ, ಒಣಗಾಲದಲ್ಲಿ ಕುಗ್ಗುವುದರಿಂದ, ಬೂದುಬಣ್ಣದ ತೊಗಟೆಯು ಆನೆಯ ಚರ್ಮದಂತೆ ಮಡಿಕೆ ಬೀಳುತ್ತದೆ. ಆ ಬೂದಿಯ ಕೆಳಗೆ ಹಸಿರಿನ ಪದರವೊಂದಿದ್ದು, ಎಲೆಯೆಲ್ಲ ಉದುರಿ ಮರ ಬೋಳಾಗಿ ನಿಂತ ತಿಂಗಳುಗಳಲ್ಲಿಯೂ ಬಿಸಿಲನ್ನುಂಡು ಆಹಾರ ಮಾಡಬಲ್ಲುದು.

ಈ ಮಡಿಕೆಗಳನ್ನು ಚಿತ್ರವಾಗಿಸುವುದು ಓರೆಬೆಳಕು. ನಡುಹಗಲಿನ ಬಿಸಿಲಿಗೆ ಸಪ್ಪೆಯಾಗಿ ತೋರುವ ಕಾಂಡವೇ ಬೆಳಗಿನ ಹೊತ್ತಿನಲ್ಲಿ ಏರುತಗ್ಗುಗಳೆಲ್ಲ ನೆರಳು ಚೆಲ್ಲಿ ಭೂಪಟದಂತಾಗುವುದನ್ನು ಕಾಣಬಹುದು. ಎದುರಿನಿಂದ ಫ್ಲ್ಯಾಶ್ ಹೊಡೆದರೆ ಇದೆಲ್ಲ ಅಳಿಸಿಹೋಗುತ್ತದೆ. ಮೊಬೈಲೇ ಸಾಕು, ಅದನ್ನು ತೊಗಟೆಗೆ ಸಮಾನಾಂತರವಾಗಿ ಹಿಡಿದರೆ ಅಂಚಿನಿಂದ ಅಂಚಿಗೆ ಸ್ಪಷ್ಟತೆ ಬರುತ್ತದೆ. ಬಣ್ಣ ಬೇಕೆನ್ನುವವರು ಮಳೆ ನಿಂತ ಕೂಡಲೇ ಬೇವಿನ ಬಳಿಗೋ ಹುಣಸೆಯ ಬಳಿಗೋ ಹೋಗಲಿ. ದೊಡ್ಡಹುಣಸೆಗೆ ಕಪ್ಪುಬಿಳುಪೇ ಒಪ್ಪುತ್ತದೆ.

ಕೈಗೆಲಸದವರಿಗೆ ತೊಗಟೆ ಇನ್ನೂ ಉದಾರಿ. ತೆಳುಕಾಗದವನ್ನು ಅದರ ಮೇಲಿಟ್ಟು ಮೇಣದ ಬಣ್ಣದ ಕಡ್ಡಿಯನ್ನು ಅಡ್ಡವಾಗಿ ಉಜ್ಜಿದರೆ ಗೆರೆಗಳೆಲ್ಲ ಕಾಗದದ ಮೇಲೆ ಮೂಡುತ್ತವೆ. ಮಕ್ಕಳಾಟವೆಂದು ನಗಬೇಕಾಗಿಲ್ಲ, ಜರ್ಮನ್ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ 1925ರಲ್ಲಿ ನೆಲಹಾಸಿನ ಹಲಗೆಗಳನ್ನು ಹೀಗೆಯೇ ಉಜ್ಜಿ ತೆಗೆದು, ಆ ಗೆರೆಗಳಲ್ಲಿ ಕಾಡುಗಳನ್ನೂ ಪಕ್ಷಿಗಳನ್ನೂ ಕಂಡನು. ಹದವಾದ ಜೇಡಿಮಣ್ಣಿನ ಹಾಳೆಯನ್ನು ಒತ್ತಿ ತೆಗೆದರೆ ಅಚ್ಚೂ ಸಿಗುತ್ತದೆ.

ಜೀವಂತ ಮರದ ತೊಗಟೆಯನ್ನು ಮಾತ್ರ ಕೀಳಲಾಗದು. ಎಲೆಯ ಆಹಾರ ಬೇರಿಗಿಳಿಯುವುದು ಒಳತೊಗಟೆಯ ಮೂಲಕ. ಸುತ್ತಲೂ ಸುಲಿದರೆ ಬೇರು ಉಪವಾಸ ಬಿದ್ದು ಸಾಮಾನ್ಯವಾಗಿ ಮರವೇ ಸಾಯುತ್ತದೆ. ಉಗಾಂಡಾ ದೇಶದ ಕುಶಲಿಗಳು ಮುಟುಬಾ ಎಂಬ ಮರದ ತೊಗಟೆಯನ್ನು ಸುಲಿದು, ಕೊಡತಿಯಿಂದ ಬಡಿದು, ನಮ್ಮ ಪುರಾಣದ ವಲ್ಕಲವನ್ನು ನೆನಪಿಸುವ ಬಟ್ಟೆ ಮಾಡುವರು ನಿಜ. ಆದರೆ ಸುಲಿದ ಕಾಂಡಕ್ಕೆ ಬಾಳೆಯೆಲೆ ಸುತ್ತಿ, ಹೊಸ ತೊಗಟೆ ಬರುವವರೆಗೆ ಕಾಯುವ ವಿದ್ಯೆ ಅವರದು. ಆ ವಿದ್ಯೆಯಿಲ್ಲದ ನಮಗೆ ಕಟ್ಟಿಗೆ ಅಡ್ಡೆಯ ನೆಲದ ಮೇಲೆ ಬಿದ್ದಿರುವ ಜಾಲಿಯ ಚಕ್ಕೆಯೇ ಸಾಕು; ಚರ್ಮ ಹದಮಾಡಲು ಬಳಸುವ ಒಗರು ಅದರಲ್ಲಿ ತುಂಬಿರುವುದರಿಂದ, ಕುದಿಸಿದ ನೀರಿನಲ್ಲಿ ಅದ್ದಿದ ಕೋರಾ ಬಟ್ಟೆಗೆ ಕಂದುಬಣ್ಣ ಹಿಡಿಯುತ್ತದೆ, ಅದೇ ನೀರಿಗೆ ತುಕ್ಕುಹಿಡಿದ ಕಬ್ಬಿಣದ ಮೊಳೆ ಹಾಕಿಟ್ಟರೆ ಕಪ್ಪಿಗೆ ತಿರುಗುತ್ತದೆ.