ಅರ್ಜಿಗೆ ಸಾಕ್ಷಿ ಯಾರು?

ಅರ್ಜಿಯ ಅಂಕಣಗಳನ್ನೆಲ್ಲ ಸರಾಗವಾಗಿ ತುಂಬುತ್ತ ಬಂದ ತರುಣನ ಲೇಖನಿ ಕೊನೆಯಲ್ಲಿ ಒಂದೆಡೆ ತಡೆದು ನಿಲ್ಲುತ್ತದೆ: ಅಭ್ಯರ್ಥಿಯನ್ನು ಬಲ್ಲ, ಬಂಧುಗಳಲ್ಲದ ಇಬ್ಬರ ಹೆಸರು ಮತ್ತು ವಿಳಾಸ. ಕೂಡಲೇ ಮನೆಯಲ್ಲಿ ಸಮಾಲೋಚನೆ ಆರಂಭವಾಗುತ್ತದೆ. ತಂದೆಗೆ ನಿವೃತ್ತ ಅಧಿಕಾರಿಯೊಬ್ಬರ ನೆನಪು. ತಾಯಿಗೆ ಎಂದೋ ಮದುವೆ ಮನೆಯಲ್ಲಿ ಕಂಡ ಶಾಸಕರ ನೆನಪು. ಹುಡುಗನಿಗೆ ಮೂರು ವರ್ಷ ಪಾಠ ಹೇಳಿದ ಉಪಾಧ್ಯಾಯರು ಮಾತ್ರ ಯಾರ ಮನಸ್ಸಿಗೂ ಬರುವುದಿಲ್ಲ.

ಅಂಗೈ ಹುಣ್ಣಿಗೆ ಕನ್ನಡಿ ಬೇಡವೆಂಬುದು ನಿಜ. ಆದರೆ ಅಪರಿಚಿತನಾದ ಅಧಿಕಾರಿಗೆ ಅರ್ಜಿದಾರನ ಅಂಗೈ ಕಾಣುವುದಿಲ್ಲ. ಅವನಿಗೆ ಕನ್ನಡಿ ಬೇಕೇ ಬೇಕು. ಅದು ದೊಡ್ಡದಾಗಿರುವುದಕ್ಕಿಂತ ಸ್ವಚ್ಛವಾಗಿರುವುದು ಮುಖ್ಯ.

1912ರ ಫೆಬ್ರವರಿಯಲ್ಲಿ ಮದರಾಸಿನ ಬಂದರು ಮಂಡಳಿಯ ಲೆಕ್ಕಪತ್ರ ಶಾಖೆಗೆ ಗುಮಾಸ್ತೆಯ ಕೆಲಸ ಬೇಡಿ ಒಂದು ಅರ್ಜಿ ಬಂದಿತು. ಬರೆದಾತ 24 ವರ್ಷದ ವಿವಾಹಿತ ತರುಣ, ಶ್ರೀನಿವಾಸ ರಾಮಾನುಜನ್. ಗಣಿತವೊಂದನ್ನುಳಿದು ಬೇರಾವ ವಿಷಯಕ್ಕೂ ಮನಸ್ಸು ಕೊಡದೆ, ಎಫ್. ಎ. ಪರೀಕ್ಷೆಯಲ್ಲಿ ಉತ್ತೀರ್ಣನಾಗದೆ ಉಳಿದಿದ್ದವನು. ತೋರಿಸಲು ಪದವಿಯಿಲ್ಲ, ಸಂಸಾರಕ್ಕೆ ಸಂಪಾದನೆ ಬೇಕು. ಅರ್ಜಿಯೊಡನೆ ಅವನಿಟ್ಟಿದ್ದು ಪ್ರೆಸಿಡೆನ್ಸಿ ಕಾಲೇಜಿನ ಗಣಿತ ಪ್ರಾಧ್ಯಾಪಕ ಮಿಡಲ್‌ಮಾಸ್ಟರ ಶಿಫಾರಸು ಪತ್ರವನ್ನು.

ಆ ಪತ್ರದ ವಿಶೇಷವನ್ನು ಗಮನಿಸಬೇಕು. ಹುಡುಗನು ಸತ್ಕುಲಪ್ರಸೂತ, ಸಚ್ಚರಿತ ಎಂಬ ಹಳೆಯ ಹಾಡನ್ನು ಅದು ಹಾಡಲಿಲ್ಲ. ಗಣಿತದಲ್ಲಿ ಅವನ ಶಕ್ತಿ ಅಸಾಧಾರಣವೆಂದೂ, ಅಂಕಿಗಳ ಕೆಲಸದಲ್ಲಿ ಬಹು ಚುರುಕೆಂದೂ ತಿಳಿಸಿತು. ಲೆಕ್ಕ ಬರೆಯುವ ಕಚೇರಿಗೆ ತಿಳಿಯಬೇಕಾಗಿದ್ದುದು ಅದೇ; ಹೇಳಲು ಅಧಿಕಾರವಿದ್ದವರೂ ಅವರೇ. ಮಾರ್ಚ್ 1ರಿಂದ ತಿಂಗಳಿಗೆ 30 ರೂಪಾಯಿಯ ಕೆಲಸ ರಾಮಾನುಜನ್ನರದಾಯಿತು. ಆ ಮೇಜಿನಲ್ಲಿದ್ದಾಗಲೇ, 1913ರ ಜನವರಿಯಲ್ಲಿ, ಅವರು ಕೇಂಬ್ರಿಜ್‌ನ ಹಾರ್ಡಿಯವರಿಗೆ ಬರೆದ ಪತ್ರ ಲೋಕಪ್ರಸಿದ್ಧವಾಯಿತು.

ಎಲ್ಲರೂ ರಾಮಾನುಜನ್ ಆಗಲಾರರು. ಆದರೆ ಆ ಅರ್ಜಿಯ ಪಾಠ ಎಲ್ಲರಿಗೂ ಸಲ್ಲುತ್ತದೆ. ಕೆಲಸವನ್ನು ಕಣ್ಣಾರೆ ಕಂಡವರೇ ಉತ್ತಮ ಸಾಕ್ಷಿಗಳು. ಓದು ಈಗತಾನೆ ಮುಗಿದಿದ್ದರೆ ಉಪಾಧ್ಯಾಯರು. ಎಲ್ಲಿಯಾದರೂ ದುಡಿದಿದ್ದರೆ ನೇರವಾಗಿ ಮೇಲ್ವಿಚಾರಣೆ ನಡೆಸಿದವರು. ದೊಡ್ಡ ಮನುಷ್ಯರಿಗೆ ಕಚೇರಿಯಿಂದ ಕರೆ ಹೋದಾಗ, “ಯಾರಪ್ಪ ಆ ಹುಡುಗ?” ಎಂದುಬಿಟ್ಟರೆ, ಆ ಒಂದು ಮಾತು ಅರ್ಜಿಯನ್ನೇ ಮುಳುಗಿಸಬಲ್ಲದು.

ಹೆಸರು ಬರೆಯುವ ಮೊದಲು ಅವರ ಒಪ್ಪಿಗೆ ಕೇಳುವುದು ಮರ್ಯಾದೆಯೂ ಹೌದು, ವಿವೇಕವೂ ಹೌದು. ಕೇಳುವಾಗ, ನಿಸ್ಸಂಕೋಚವಾಗಿ ಒಳ್ಳೆಯ ಮಾತು ಹೇಳಬಲ್ಲಿರಾ ಎಂದು ಕೇಳಬೇಕು. ಅವರು ತಡವರಿಸಿದರೆ ವಂದಿಸಿ ಬೇರೊಬ್ಬರನ್ನು ನೋಡಬೇಕು. ಒಪ್ಪಿದವರಿಗೆ ಉದ್ಯೋಗದ ಸ್ವರೂಪವನ್ನೂ ತನ್ನ ಓದು, ಅನುಭವಗಳ ವಿವರವನ್ನೂ ಕಳುಹಿಸಬೇಕು. ದೂರವಾಣಿ ಸಂಖ್ಯೆ, ಮಿಂಚಂಚೆ ವಿಳಾಸಗಳು ಈಗಲೂ ಬಳಕೆಯಲ್ಲಿವೆಯೇ ಎಂದು ಪರೀಕ್ಷಿಸಬೇಕು. ಸದ್ಯ ಒಂದೆಡೆ ಕೆಲಸದಲ್ಲಿರುವವರು ಅಲ್ಲಿನ ಯಜಮಾನರ ಹೆಸರನ್ನು ಅವರಿಗೆ ತಿಳಿಸದೆ ಬರೆದರೆ, ಹೊಸ ಕೆಲಸ ಕೈಗೆ ಬರುವ ಮೊದಲೇ ಹಳೆಯದಕ್ಕೆ ಕುತ್ತು ಬರಬಹುದು. ಇಬ್ಬರ ಹೆಸರು ಬೇಕಾದಲ್ಲಿ ಒಬ್ಬರು ವಿದ್ಯೆಯನ್ನು, ಮತ್ತೊಬ್ಬರು ನಡತೆ, ದುಡಿಮೆಗಳನ್ನು ಬಲ್ಲವರಾದರೆ ಚಿತ್ರ ಪೂರ್ಣವಾಗುತ್ತದೆ.

ಕೆಲಸ ಸಿಕ್ಕಲಿ, ಸಿಕ್ಕದಿರಲಿ, ಫಲಿತಾಂಶವನ್ನು ಅವರಿಗೆ ತಿಳಿಸಿ ಕೃತಜ್ಞತೆ ಹೇಳುವುದನ್ನು ಅನೇಕರು ಮರೆಯುತ್ತಾರೆ. ಮತ್ತೊಂದು ಅರ್ಜಿಯ ಕಾಲಕ್ಕೆ ಅದೇ ಬಾಗಿಲನ್ನು ತಟ್ಟಬೇಕಾದೀತು. ಅಂದು ಆ ಬಾಗಿಲು ನಗುನಗುತ್ತ ತೆರೆಯುವಂತೆ ನಡೆದುಕೊಂಡವನೇ ಜಾಣ.