ಸುದ್ದಿಗಿಂತ ಮೊದಲು ಸವೆಯುವ ಮುದ್ರೆ

ಹಳೆಯ ಫಿಲ್ಮು ಸುರುಳಿ ಕೆಡುವುದು ಸಾಮಾನ್ಯವಾಗಿ ತುದಿಗಳಿಂದ. ಒಳಗಿನ ಸುತ್ತುಗಳು ಒಂದನ್ನೊಂದು ಕಾಯುತ್ತವೆ; ಹೊರಸುತ್ತಿಗೆ ಧೂಳು, ತೇವ, ಕೈಬೆವರು ಎಲ್ಲವೂ ತಗಲುತ್ತವೆ. ಪ್ರತಿ ಆಟಕ್ಕೂ ಆಪರೇಟರ್ ಪ್ರೊಜೆಕ್ಟರ್‌ನ ಹಲ್ಲುಚಕ್ರಗಳಿಗೆ ಏರಿಸುವುದು ಆ ತಲೆಯ ಭಾಗವನ್ನೇ. ತೂತು ಹರಿದರೆ ಒಂದೆರಡು ಚೌಕಟ್ಟು ಕತ್ತರಿಸಿ ಅಂಟಿಸುತ್ತಾನೆ, ಮುಂದಿನ ವಾರ ಇನ್ನೆರಡು. ಚಿತ್ರ ತಯಾರಿಸಿದ ಸಂಸ್ಥೆಯ ಮುದ್ರೆ, ಅಂದರೆ ಲಾಂಛನ, ಕುಳಿತಿರುವುದೂ ಅಲ್ಲಿಯೇ. ಅತಿ ಹೆಚ್ಚು ಜನ ನೋಡಿದ ಭಾಗವೇ ಎಲ್ಲಕ್ಕಿಂತ ಮೊದಲು ಸವೆಯುತ್ತದೆ.

ಯುದ್ಧಕಾಲದ ಜಪಾನಿನ ವಾರ್ತಾಚಿತ್ರಗಳ ವಿಷಯದಲ್ಲಿ ಈ ಸವೆತಕ್ಕೆ ಬೇರೆಯೇ ತೂಕವಿದೆ: ಅಲ್ಲಿ ಮುದ್ರೆಯೆಂದರೆ ಆಳುವವರ ರುಜುವೂ ಹೌದು. 1940ರ ಏಪ್ರಿಲ್‌ನಲ್ಲಿ ಅಸಾಹಿ, ಮೈನಿಚಿ, ಯೊಮಿಯುರಿ ಪತ್ರಿಕೆಗಳು ಮತ್ತು ದೋಮೆಯ್ ಸುದ್ದಿಸಂಸ್ಥೆ ತಂತಮ್ಮ ವಾರ್ತಾಚಿತ್ರ ವಿಭಾಗಗಳನ್ನು ಒಂದೇ ಕಂಪನಿಗೆ ಒಪ್ಪಿಸಬೇಕಾಯಿತು. ಅದರ ‘ನಿಪ್ಪೋನ್ ನ್ಯೂಸ್’ ಮೊದಲ ಸಂಚಿಕೆ ಜೂನ್‌ನಲ್ಲಿ ಬಂತು. ಮರುವರ್ಷ ಕಂಪನಿ ಬೆಳೆದು ‘ನಿಪ್ಪೋನ್ ಎಯ್ಗಾಶಾ’ ಆಯಿತು. ಜನರ ಬಾಯಲ್ಲಿ ಬರೀ ‘ನಿಚಿಯೆಯ್’. 1939ರ ಚಲನಚಿತ್ರ ಕಾನೂನಿನ ಬಲದಿಂದ ಚಿತ್ರಮಂದಿರಗಳು ವಾರ್ತಾಚಿತ್ರ ತೋರಿಸುವುದು ಕಡ್ಡಾಯವಾಯಿತು. ನಮ್ಮ ಟಾಕೀಸುಗಳಲ್ಲಿ ಫಿಲ್ಮ್ಸ್ ಡಿವಿಷನ್ ಚಿತ್ರ ಶುರುವಾದೊಡನೆ ಬೀಡಿ ಸೇದಲು ಹೊರಗೆದ್ದು ಹೋಗುತ್ತಿದ್ದವರಿಗೆ ಈ ಕಡ್ಡಾಯದ ರುಚಿ ಗೊತ್ತು. ಇಲ್ಲಿ ಅದನ್ನು 1943ರಲ್ಲಿ ಹೇರಿದವರು ಬ್ರಿಟಿಷರು, ಅದೇ ಯುದ್ಧದ ಇನ್ನೊಂದು ಪಕ್ಷದವರು.

ಪರದೆಯ ಮೇಲೆ ಆ ಕಂಪನಿಯ ಹೆಸರು, ಸಂಚಿಕೆಯ ಸಂಖ್ಯೆ ಮೂಡುತ್ತಿದ್ದುದಾದರೂ ಹೇಗೆ? ಕಂಪ್ಯೂಟರಿಲ್ಲದ ಕಾಲದ ಈ ಕೆಲಸ ಶುದ್ಧ ಬೆಳಕಿನ ಲೆಕ್ಕಾಚಾರ. ಕಪ್ಪು ಹಲಗೆಯ ಮೇಲೆ ಬಿಳಿ ಅಕ್ಷರ ಬರೆದು, ಗಟ್ಟಿ ಚೌಕಟ್ಟಿಗೆ ಬಿಗಿದ ಕ್ಯಾಮೆರಾದಲ್ಲಿ ಒಂದೊಂದೇ ಚೌಕಟ್ಟು ತೆಗೆಯುತ್ತಿದ್ದರು. ಅಕ್ಷರಗಳ ಹಿಂದೆ ಹಡಗೋ ಮೋಡವೋ ಚಲಿಸಬೇಕೆಂದರೆ ಒಂದೇ ನೆಗೆಟಿವ್‌ಗೆ ಎರಡು ಸಲ ಬೆಳಕು ತಾಗಿಸಬೇಕು: ಮೊದಲು ದೃಶ್ಯ, ಫಿಲ್ಮನ್ನು ಹಿಂದಕ್ಕೆ ಸುತ್ತಿ ಆಮೇಲೆ ಅಕ್ಷರ. ಕಪ್ಪು ಹಲಗೆಯಿಂದ ಬೆಳಕು ಬರುವುದಿಲ್ಲವಾದ್ದರಿಂದ ಅಲ್ಲಿ ಹಿಂದಿನ ದೃಶ್ಯ ಹಾಗೇ ಉಳಿಯುತ್ತದೆ. ಬಿಳಿ ಅಕ್ಷರದ ಜಾಗದಲ್ಲಿ ಮಾತ್ರ ಬೆಳ್ಳಿಯ ಲವಣ ಪೂರ್ತಿ ಬೆಳಕುಂಡು, ಸಂಸ್ಕರಿಸಿದಾಗ ನೆಗೆಟಿವ್‌ನಲ್ಲಿ ದಟ್ಟ ಕಪ್ಪಾಗುತ್ತದೆ. ಪ್ರಿಂಟ್‌ನಲ್ಲಿ ಅದೇ ತಿಳಿಯಾಗಿ, ಪರದೆಯಲ್ಲಿ ಬೆಳ್ಳಗೆ ಹೊಳೆಯುತ್ತದೆ.

ಬೆಳಕಿಗೆ ಬೆಳಕು ಕೂಡಿಸಬಹುದು, ಕಳೆಯಲಾಗದು. ಆ ಕಾಲದ ಶೀರ್ಷಿಕೆಗಳು ಎಲ್ಲ ದೇಶಗಳಲ್ಲೂ ಬಹುಪಾಲು ಬಿಳಿಯಾಗಿರಲು ಇದೇ ಕಾರಣ. ಹಿನ್ನೆಲೆಯಲ್ಲಿ ಬೆಳಗುವ ಆಕಾಶವಿದ್ದರೆ ಅಕ್ಷರ ಸುಣ್ಣದ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಂತೆ ಕಾಣದಾಗುತ್ತದೆ. ಅಂಥಲ್ಲಿ ಕಪ್ಪು ಅಕ್ಷರವೇ ಬೇಕೆಂದರೆ ಅಷ್ಟು ಜಾಗಕ್ಕೆ ಬೆಳಕೇ ತಾಗದಂತೆ ಮರೆ ಮಾಡಿ ತೆಗೆಯಬೇಕು. ವಾರಕ್ಕೊಂದು ಸಂಚಿಕೆ ಹೊರಡಿಸುವವರಿಗೆ ಅಷ್ಟು ಪುರುಸೊತ್ತು ಎಲ್ಲಿಯದು?

ಪ್ರತಿ ವಾರ ಬದಲಾಗಬೇಕಾದ್ದು ಸಂಖ್ಯೆ ಮಾತ್ರ. ಮುದ್ರೆಯ ಮಿಕ್ಕ ಭಾಗವನ್ನು ಒಮ್ಮೆ ತೆಗೆದಿಟ್ಟು ನಕಲು ಮಾಡಿಕೊಂಡರೆ ಸಾಕು. ಆದರೆ ರಾಸಾಯನಿಕ ಫಿಲ್ಮಿನಲ್ಲಿ ನಕಲಿಗೂ ಬೆಲೆ ತೆರಬೇಕು. ಪ್ರತಿ ನಕಲಿನಲ್ಲಿ ಮೂಲದ ಬೆಳ್ಳಿ ಕಣಗಳ ಮೇಲೆ ಹೊಸ ಫಿಲ್ಮಿನ ಕಣಗಳು ಸೇರಿ ಚಿತ್ರ ಒರಟಾಗುತ್ತದೆ, ಕಪ್ಪು ಬಿಳುಪಿನ ನಡುವಿನ ಬೂದುಛಾಯೆಗಳು ಕಳಚುತ್ತವೆ. ಹೀಗಾಗಿ ಹಳೆಯ ವಾರ್ತಾಚಿತ್ರಗಳಲ್ಲಿ ಮುದ್ರೆ ಮಂಕಾಗಿದ್ದು, ಅದರ ಬೆನ್ನಿಗೇ ಬರುವ ಯುದ್ಧದೃಶ್ಯ ಗರಿಗರಿಯಾಗಿರುವುದು ಸಾಧ್ಯ.

ಮುದ್ರೆಯಲ್ಲದ ಇನ್ನೊಂದು ಫಲಕವೂ ಇತ್ತು. ಚಕ್ರವರ್ತಿಯ ದೃಶ್ಯ ಬರುವ ಮುಂಚೆ ಪರದೆಯ ಮೇಲೆ ಎರಡೇ ಅಕ್ಷರ ಮೂಡುತ್ತಿದ್ದವು: ‘ದತ್ಸುಬೋ’, ಅಂದರೆ ಟೋಪಿ ತೆಗೆಯಿರಿ. ತಂತ್ರದ ಮಟ್ಟಿಗೆ ಅದೂ ಹಲಗೆಯ ಮೇಲಿನ ಬರಹವೇ. ಕತ್ತಲಲ್ಲಿ ಕುಳಿತ ಪ್ರೇಕ್ಷಕರ ಕೈಯನ್ನು ತಲೆಗೆ ಒಯ್ಯುವ ಶಕ್ತಿ ಮಾತ್ರ ಲಾಂಛನಕ್ಕೆ ಇದ್ದಿರಲಾರದು.

ಇವೆಲ್ಲ ಅಚ್ಚಾಗುತ್ತಿದ್ದ ಪಟ್ಟಿಯೂ ಯುದ್ಧದ ಸರಕೇ. ಅಂದಿನ 35 ಮಿ.ಮೀ. ಫಿಲ್ಮಿನ ಮೈ ನೈಟ್ರೋಸೆಲ್ಯುಲೋಸ್. ಹತ್ತಿಯ ನಾರನ್ನು ನೈಟ್ರಿಕ್ ಆಮ್ಲದಲ್ಲಿ ಪಳಗಿಸಿದಾಗ ಸಾರಜನಕದ ಅಂಶ ಸುಮಾರು 12%ರ ಒಳಗಿದ್ದರೆ ಫಿಲ್ಮು, 13% ದಾಟಿದರೆ ಸಿಡಿಮದ್ದು. ಅದನ್ನು ಬಾಗುವಂತೆ ಮಾಡಲು ಕರ್ಪೂರ ಬೇಕು. ಕರ್ಪೂರದ ಕಣಜವಾದ ತೈವಾನ್ 1895ರಿಂದ ಜಪಾನಿನ ವಶದಲ್ಲಿತ್ತು. ಫಿಲ್ಮು ತಯಾರಕ ಫ್ಯೂಜಿ ಕಂಪನಿ 1934ರಲ್ಲಿ ಹುಟ್ಟಿದ್ದು ಒಂದು ಸೆಲ್ಯುಲಾಯ್ಡ್ ಕಾರ್ಖಾನೆಯ ಕವಲಾಗಿಯೇ. 1941ರಲ್ಲಿ ಸರ್ಕಾರ ಸಿನಿಮಾ ಕಂಪನಿಗಳನ್ನು ಕರೆದು, ನಾಗರಿಕರಿಗೆ ಕೊಡಲು ಇನ್ನು ಒಂದಡಿ ಫಿಲ್ಮೂ ಇಲ್ಲವೆಂದಿತು. ಕಥಾಚಿತ್ರ ತಯಾರಕರು ಮೂರೇ ಕಂಪನಿಗಳಾಗಿ ಕುಗ್ಗಿದರು. ಇಂಥ ಅಭಾವದಲ್ಲಿ ಮುದ್ರೆಯ ಲೆಕ್ಕ ಹೀಗೆ: ಸೆಕೆಂಡಿಗೆ 24 ಚೌಕಟ್ಟು, ಅಡಿಗೆ 16. ಹತ್ತು ಸೆಕೆಂಡಿನ ಮುದ್ರೆಯೊಂದು 15 ಅಡಿ ನುಂಗುತ್ತದೆ. ನೂರು ಪ್ರತಿ ತೆಗೆದರೆ 1,500 ಅಡಿ. ಹದಿನಾರು ನಿಮಿಷದ ಸುದ್ದಿ ತುಂಬುವಷ್ಟು ಫಿಲ್ಮು ಬರೀ ರುಜುವಿಗೆ! ಬರಗಾಲದಲ್ಲೂ ಆಳುವವರು ಈ ಖರ್ಚಿಗೆ ಹಿಂದೆಗೆಯುವುದಿಲ್ಲ.

ಈ ನೈಟ್ರೇಟ್ ಫಿಲ್ಮಿಗೆ ಉರಿಯಲು ಬೇಕಾದ ಆಮ್ಲಜನಕ ಅದರ ಅಣುವಿನಲ್ಲೇ ಇರುವುದರಿಂದ ಹೊತ್ತಿಕೊಂಡರೆ ನೀರಿನಲ್ಲಿ ಮುಳುಗಿಸಿದರೂ ಉರಿಯುತ್ತದೆ. ಹೊತ್ತದಿದ್ದರೂ ನೆಮ್ಮದಿಯಿಲ್ಲ. ಹೊರಬರುವ ಸಾರಜನಕದ ಆಕ್ಸೈಡುಗಳು ತೇವದೊಡನೆ ಆಮ್ಲವಾಗಿ ಚಿತ್ರದ ಬೆಳ್ಳಿಯನ್ನು ತಿನ್ನುತ್ತವೆ; ಪಟ್ಟಿ ಹಳದಿಯಾಗಿ, ಅಂಟಂಟಾಗಿ, ಕೊನೆಗೆ ಕಂದು ಪುಡಿಯಾಗುತ್ತದೆ. 1984ರಲ್ಲಿ ಟೋಕಿಯೋದ ರಾಷ್ಟ್ರೀಯ ಫಿಲ್ಮ್ ಕೇಂದ್ರದಲ್ಲೇ ಬೆಂಕಿ ಬಿದ್ದು ನೈಟ್ರೇಟ್ ಸುರುಳಿಗಳು ನಾಶವಾದವು. ಇಷ್ಟರ ನಡುವೆಯೂ ನಿಪ್ಪೋನ್ ನ್ಯೂಸ್ ಬಹುಮಟ್ಟಿಗೆ ಉಳಿದಿದೆ. 1943ರ ನವೆಂಬರ್‌ನಲ್ಲಿ ಟೋಕಿಯೋದಲ್ಲಿ ನಡೆದ ಮಹಾ ಪೂರ್ವ ಏಷ್ಯಾ ಸಮ್ಮೇಳನದಲ್ಲಿದ್ದ ಸುಭಾಷ್‌ಚಂದ್ರ ಬೋಸರನ್ನು ನಾವು ಇಂದು ನೋಡಬಹುದಾದದ್ದು ಇದೇ ವಾರ್ತಾಚಿತ್ರದ ದೆಸೆಯಿಂದ.

ಸೋಲಿನ ನಂತರ ನಿಚಿಯೆಯ್ ಯಂತ್ರಗಳು ನಿಲ್ಲಲಿಲ್ಲ. ಚಲನಚಿತ್ರ ಕಾನೂನನ್ನು ವಿರೋಧಿಸಿ 1940ರಲ್ಲಿ ಜೈಲಿಗೆ ಹೋಗಿದ್ದ ಇವಾಸಾಕಿ ಅಕಿರಾ, ಆ ಕಾನೂನಿನ ಕಾಲದಲ್ಲೇ ಬೆಳೆದ ಕಂಪನಿಯ ನಿರ್ಮಾಪಕರಾದರು. 1946ರಲ್ಲಿ ಕಮೆಯ್ ಫುಮಿಯೊ ಅಲ್ಲಿ ಹಳೆಯ ವಾರ್ತಾಚಿತ್ರಗಳನ್ನೇ ಕತ್ತರಿಸಿ ಜೋಡಿಸಿ ‘ಜಪಾನಿನ ದುರಂತ’ ಎಂಬ ಚಿತ್ರ ಮಾಡಿದರು. ಅದರಲ್ಲೊಂದು ಕಡೆ ಎರಡು ಸಲ ಬೆಳಕು ತಾಗಿಸುವ ಅದೇ ಹಳೆಯ ತಂತ್ರ: ಒಂದು ಚಿತ್ರಕ್ಕೆ ಬೆಳಕು ತಗ್ಗಿಸುತ್ತ, ಅದೇ ಉದ್ದದ ಫಿಲ್ಮಿನ ಮೇಲೆ ಇನ್ನೊಂದಕ್ಕೆ ಏರಿಸುತ್ತ ಹೋಗುವುದು. ಸೇನಾಸಮವಸ್ತ್ರದ ಚಕ್ರವರ್ತಿ ಹಿರೋಹಿತೋ ನೋಡನೋಡುತ್ತಿದ್ದಂತೆ ಕೋಟು ತೊಟ್ಟ ಸಾಧು ಮನುಷ್ಯನಾಗಿ ಕರಗುತ್ತಾರೆ. ಪ್ರಧಾನಿ ಯೊಶಿದಾ ಅದನ್ನು ನೋಡಿದ ಕೆಲವೇ ದಿನಗಳಲ್ಲಿ ಸೋತ ಜಪಾನನ್ನು ಆಳುತ್ತಿದ್ದ ಅಮೆರಿಕನ್ ಆಡಳಿತ ಚಿತ್ರವನ್ನು ನಿಷೇಧಿಸಿ ಪ್ರತಿಗಳನ್ನು ವಶಪಡಿಸಿಕೊಂಡಿತು.